ಕಪ್ಪು ಗಾಡಿಗೆ ಹಳದಿ ಬಾನೆಟ್

“ಅಂಟ್ತಾ ಇಲ್ಲ ಕಣೇ ಪುಟ್ಟಿ, ಜಾರ್ತಾ ಇದೆ!”

ಏಣಿಯ ತುದಿಯಲ್ಲಿ ನಿಂತು ಶವದ ಗಾಡಿಯ ಚಾವಣಿಯ ಮೇಲೆ ಅರ್ಧ ಮೈ ಚಾಚಿದ್ದ ಮೊಬೈಲ್ ಅಂಗಡಿಯವನು ವೈರ್‌ಲೆಸ್ ಆಂಟೆನಾದ ಬುಡವನ್ನು ಮೂರನೇ ಸಲ ಕುಕ್ಕಿ ನೋಡಿದ. ಅದರ ಬುಡದಲ್ಲಿದ್ದ ಅಯಸ್ಕಾಂತ ಎಂಥ ಕಾರಿನ ತಗಡನ್ನಾದರೂ ಜಿಗಣೆಯ ಹಾಗೆ ಕಚ್ಚಿಕೊಳ್ಳುವಂಥದ್ದು. ಇಲ್ಲಿ ಮಾತ್ರ ಮಳೆಯಲ್ಲಿ ನೆನೆದ ಕಪ್ಪೆಯಂತೆ ಜಾರಿ ಬಂದು ಅವನ ಎದೆಗೇ ಒರಗಿತು.

“ಮೇಲಿರೋದು ಫೈಬರ್, ತಗಡಲ್ಲ,” ಎಂದ ಗಾಡಿಯ ಚಾಲಕ. ಕಪ್ಪು ಕೋಟು, ಕಪ್ಪು ಟೋಪಿ, ಇಸ್ತ್ರಿ ಮಾಡಿಟ್ಟಂಥ ಮುಖ. “ಹನ್ನೊಂದಕ್ಕೆ ಸರಿಯಾಗಿ ಹೊರಡ್ಬೇಕು. ಸ್ಮಶಾನದಲ್ಲಿ ಒಂದು ಗಂಟೆಗೆ ಇನ್ನೊಬ್ಬರದ್ದಿದೆ. ಈ ಆಟ ಎಲ್ಲ ಇದೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ.”

ಮಗಳು ಗಡಿಯಾರ ನೋಡಿಕೊಂಡಳು. ಹತ್ತು ಗಂಟೆ ಐದು ನಿಮಿಷ. ಅಪ್ಪನ ಪೆಟ್ಟಿಗೆ ಆಗಲೇ ಗಾಡಿಯೊಳಗಿತ್ತು. ಬೀದಿಯುದ್ದಕ್ಕೂ ಹಳದಿ ಟ್ಯಾಕ್ಸಿಗಳು ನಿಂತಿದ್ದವು; ಅವುಗಳ ನೆರಳಿನಲ್ಲಿ ತಲೆ ನರೆತ ಡ್ರೈವರ್‌ಗಳು ಎರಡೆರಡು ಮೂರುಮೂರು ಮಂದಿಯಾಗಿ ಮಾತಾಡುತ್ತಿದ್ದರು. ಅವರೆಲ್ಲರ ಕಾರುಗಳಿಗೆ ವೈರ್‌ಲೆಸ್ ಸೆಟ್ಟು ಕೂರಿಸಿದವನು ಪೆಟ್ಟಿಗೆಯಲ್ಲಿ ಮಲಗಿದ್ದ. ಎಲ್ಲರ ಬಾಯಲ್ಲೂ ಅವನು ಮೇಸ್ತ್ರಿ. ಎಪ್ಪತ್ತೊಂದು ವರ್ಷ. ಮೊನ್ನೆ ಊಟ ಮುಗಿಸಿ, ಕೈ ತೊಳೆದು, ಹತ್ತು ನಿಮಿಷ ಕಣ್ಣು ಮುಚ್ಚುತ್ತೇನೆ ಎಂದು ಹೇಳಿ ಮಲಗಿದವನು, ಜೀವನದಲ್ಲಿ ಮೊದಲ ಸಲ ಹತ್ತು ನಿಮಿಷಕ್ಕೆ ಏಳಲಿಲ್ಲ.

“ಟೇಪ್ ಸುತ್ತಿ ನಿಲ್ಲಿಸ್ತೀನಿ ಬಿಡು,” ಎಂದ ಮೊಬೈಲ್ ಅಂಗಡಿಯವನು. ಐವತ್ತು ದಾಟಿದವನು, ಅಪ್ಪನ ಬಳಿಯೇ ಕೆಲಸ ಕಲಿತವನು. ಡ್ರೈವರ್‌ಗಳೆಲ್ಲ ಫೋನಿಗೆ ಬಿದ್ದ ಮೇಲೆ ಅವನೂ ಫೋನಿನ ಅಂಗಡಿಗೆ ಬಿದ್ದಿದ್ದ. “ನೀನು ಮೇಲೆ ಹೋಗಿ ಅಮ್ಮನ ಸೆಟ್ಟು ಆನ್ ಮಾಡು.”

ಮಗಳು ಮೂರು ಮಹಡಿ ಹತ್ತಿದಳು. ಲಿಫ್ಟ್ ಇಲ್ಲದ ಕಟ್ಟಡ. ಅಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ಕಾಲು ಚಾಚಿ ಒರಗಿದ್ದಳು. ಬಿದ್ದು ತೊಡೆಯ ಮೂಳೆ ಮುರಿದು, ರಾಡು ಹಾಕಿಸಿಕೊಂಡು ಇಂದಿಗೆ ಒಂಬತ್ತು ದಿನ. ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸುತ್ತೇವೆ ಎಂದು ಬೆಳಿಗ್ಗೆ ನಾಲ್ಕು ಜನ ಡ್ರೈವರ್‌ಗಳು ತೋಳು ಮಡಚಿ ಬಂದಿದ್ದರು. ಡಾಕ್ಟರು ಫೋನಿನಲ್ಲೇ ಬೈದು ವಾಪಸ್ ಕಳಿಸಿದ್ದರು. ಆಮೇಲೆ ಅಮ್ಮ ಕೇಳಿದ್ದು ಒಂದೇ ಒಂದು.

“ನಾನು ಗೋಳಾಡೋಕೆ ಕೇಳ್ತಾ ಇಲ್ಲ. ಮೂವತ್ತು ವರ್ಷ ಕಂಟ್ರೋಲ್ ರೂಮಲ್ಲಿ ಕೂತು ನಲವತ್ತು ಟ್ಯಾಕ್ಸಿ ಓಡಿಸಿದೀನಿ. ಯಾವ ಗಾಡಿ ಎಲ್ಲಿದೆ ಅಂತ ನಿದ್ದೇಲೂ ಹೇಳ್ತಿದ್ದೆ. ನಿಮ್ಮಪ್ಪ ಹೋಗೋ ಗಾಡಿ ಎಲ್ಲಿ ಹೋಯ್ತು, ಎಲ್ಲಿ ನಿಂತ್ಕೊಳ್ತು ಅನ್ನೋದೊಂದು ಗೊತ್ತಾಗದೆ ಹೀಗೆ ಮಲಗಿರ್ಲಾ?”

ಸ್ಮಶಾನ ಊರಾಚೆ, ಹಳೆಯ ಕಲ್ಲು ಕ್ವಾರಿಯೊಂದಕ್ಕೆ ಮಣ್ಣು ತುಂಬಿಸಿ ಮಾಡಿದ್ದು. ಸುತ್ತ ಬಂಡೆಯ ಗೋಡೆ. ಅಲ್ಲಿ ಇಳಿದರೆ ಯಾರ ಫೋನೂ ಉಸಿರೆತ್ತುವುದಿಲ್ಲ. ಗೇಟಿನಿಂದ ಕೆಳಕ್ಕೆ ಶವದ ಗಾಡಿಗೆ ಮಾತ್ರ ದಾರಿ. ಉಳಿದದ್ದು ವೈರ್‌ಲೆಸ್ ಒಂದೇ. ಕಂಪನಿ ಕಂಟ್ರೋಲ್ ರೂಮು ಮುಚ್ಚಿದಾಗ ಅಮ್ಮನಿಗೆ ಕೊಟ್ಟ ಸೆಟ್ಟು ಮಂಚದ ಪಕ್ಕದಲ್ಲೇ ಇತ್ತು, ಅದರ ಆಂಟೆನಾ ತಾರಸಿಯ ಮೇಲೆ. ಗಾಡಿಗೆ ಹಾಕುವ ಸೆಟ್ಟುಗಳಲ್ಲಿ ಉಳಿದದ್ದೂ ಒಂದೇ, ಅಪ್ಪನ ವರ್ಕ್‌ಶಾಪಿನದು. ಊಟಕ್ಕೆ ಬನ್ನಿ ಎಂದು ಅಮ್ಮ ಕರೆಯುತ್ತಿದ್ದದ್ದು ಅದರಲ್ಲೇ. ಅದಕ್ಕೆ ಇದ್ದ ಕೇಬಲ್ಲೂ ಒಂದೇ.

ಸೆಟ್ಟು ಆನ್ ಮಾಡುತ್ತಿದ್ದಂತೆ ಅದರೊಳಗಿಂದ ಮೊಬೈಲ್ ಅಂಗಡಿಯವನ ದನಿ ಜೋರಾಗಿ ಬಂತು. “ಕಂಟ್ರೋಲ್ ಅಕ್ಕ, ಹೇಗೆ ಕೇಳಿಸ್ತಾ ಇದೀನಿ?”

ಅಮ್ಮ ಮೈಕು ಒತ್ತಿದಳು. “ಕಿಟಕಿಯಿಂದಾನೂ ಕೇಳಿಸ್ತಿದೀಯ, ಸೆಟ್ಟಿಂದಾನೂ ಕೇಳಿಸ್ತಿದೀಯ. ಎರಡರಲ್ಲಿ ಯಾವುದಕ್ಕೆ ಮಾರ್ಕ್ಸ್ ಹಾಕ್ಲಿ?”

ಕೆಳಗೆ ಬೀದಿಯಲ್ಲಿ ನಗೆ ಎದ್ದಿತು. ಮಗಳು ಕಿಟಕಿಯಿಂದ ಬಗ್ಗಿ ನೋಡಿದಳು. ಗಾಡಿಯ ಚಕ್ರದ ಬಳಿ ಕೇಬಲ್ಲಿನ ಮೂರು ತುಂಡುಗಳು ಬಿದ್ದಿದ್ದವು, ಒಂದೊಂದೂ ಗೇಣುದ್ದ. ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು.

*

ಅಪ್ಪ ಕೇಬಲ್ ಕತ್ತರಿಸಿದ ಕತೆಯನ್ನು ಅವಳು ಹುಟ್ಟುವ ಮೊದಲಿನಿಂದಲೂ ಡ್ರೈವರ್‌ಗಳು ಹೇಳಿಕೊಂಡು ಬಂದಿದ್ದರು. ಹೇಳುವವರಿಗೆ ತಕ್ಕಂತೆ ಉಪ್ಪುಖಾರ ಏರುತ್ತಿತ್ತು, ಅಷ್ಟೆ.

ಅಪ್ಪ ಕೆಲಸಕ್ಕೆ ಸೇರಿದ ಮೊದಲ ವಾರ. ಹದಿನೇಳನೇ ನಂಬರಿನ ಟ್ಯಾಕ್ಸಿಗೆ ಸೆಟ್ಟು ಕೂರಿಸಿದ. ಚಾವಣಿಗೆ ತೂತು ಕೊರೆದು ಆಂಟೆನಾ ನಿಲ್ಲಿಸಿ, ಕೇಬಲ್ ಎಳೆದು, ಸೆಟ್ಟು ಪರೀಕ್ಷಿಸುವ ಮೀಟರ್ ಹಚ್ಚಿ ನೋಡಿದರೆ ಮುಳ್ಳು ಕೆಂಪಿನಲ್ಲಿ ಕುಣಿಯುತ್ತಿತ್ತು. ಸೆಟ್ಟು ಕಳಿಸಿದ್ದರಲ್ಲಿ ಅರ್ಧ ಆಂಟೆನಾದಿಂದ ವಾಪಸ್ ಬರುತ್ತಿದೆ ಎಂದು ಅದರ ಅರ್ಥ. ಕೇಬಲ್ ಒಂದು ಗೇಣು ಕತ್ತರಿಸಿದ. ಮುಳ್ಳು ತುಸು ಇಳಿಯಿತು. ಇನ್ನೊಂದು ಗೇಣು, ಇನ್ನಷ್ಟು ಇಳಿಯಿತು. ರುಚಿ ಹತ್ತಿದವನ ಹಾಗೆ ಕತ್ತರಿಸುತ್ತಲೇ ಹೋದ. ಕೊನೆಗೆ ಮುಳ್ಳು ಹಸಿರಿನಲ್ಲಿ ಒಳ್ಳೇ ಮಗುವಿನಂತೆ ಮಲಗಿತು. ಆದರೆ ಕೇಬಲ್ ಡ್ಯಾಶ್‌ಬೋರ್ಡ್ ಮುಟ್ಟುವಷ್ಟು ಉಳಿದಿರಲಿಲ್ಲ. ಸೆಟ್ಟನ್ನು ಹಿಂದೆ ಡಿಕ್ಕಿಯಲ್ಲಿಟ್ಟ. ಕರೆ ಬಂದಾಗಲೆಲ್ಲ ಹದಿನೇಳನೇ ನಂಬರಿನ ಡ್ರೈವರ್ ಗಾಡಿ ನಿಲ್ಲಿಸಿ, ಇಳಿದು, ಡಿಕ್ಕಿ ತೆಗೆದು ಮಾತಾಡಬೇಕು. ಅವನು ಡಿಕ್ಕಿಯೊಳಗೆ ತಲೆಯಿಟ್ಟು ಕೂಗುವುದನ್ನು ನೋಡಿ ಜನ ಯಾರನ್ನೋ ಕೂಡಿಹಾಕಿದ್ದಾನೆಂದು ಗುಂಪು ಸೇರುತ್ತಿದ್ದರು.

ಅಷ್ಟಾದರೂ ಕಂಟ್ರೋಲ್ ರೂಮಿನಲ್ಲಿ ಹೊಸದಾಗಿ ಸೇರಿದ್ದ ಹುಡುಗಿಗೆ ಹದಿನೇಳರ ಮಾತು ಎರಡು ಬೀದಿ ದಾಟಿದರೆ ಕೇಳಿಸುತ್ತಿರಲಿಲ್ಲ.

“ಮೀಟರ್ ಸರಿಯಾಗಿ ತೋರಿಸ್ತಾ ಇದೆ ಮೇಡಂ,” ಎಂದ ಅಪ್ಪ, ಸೆಟ್ಟಿನಲ್ಲೇ. “ನಿಮ್ಮ ಕಿವಿ ಒಂದ್ಸಲ ತೋರಿಸ್ಕೊಳ್ಳಿ.”

“ಹಾಗಾದ್ರೆ ಮೀಟರ್ ಹತ್ರಾನೇ ಮಾತಾಡ್ಕೊಳ್ಳಿ. ನನ್ನನ್ಯಾಕೆ ಕರೀತೀರಾ?”

ಒಂದೇ ಚಾನೆಲ್ಲು. ನಲವತ್ತು ಟ್ಯಾಕ್ಸಿಗಳೂ ಕೇಳಿಸಿಕೊಂಡವು.

ಅಪ್ಪನಿಗೆ ಎರಡು ದಿನ ಊಟ ರುಚಿಸಲಿಲ್ಲ. ಮೂರನೇ ದಿನ ಆಂಟೆನಾ ಬಿಚ್ಚಿ ನೋಡಿದ. ಅದರ ಬುಡಕ್ಕೂ ಚಾವಣಿಯ ತಗಡಿಗೂ ನಡುವೆ ಬಣ್ಣದ ಪದರ ಹಾಗೇ ಉಳಿದಿತ್ತು, ಕೆರೆಯುವುದನ್ನು ಮರೆತಿದ್ದ. ಆಂಟೆನಾಕ್ಕೆ ಕಾಲೂರಲು ಲೋಹದ ನೆಲ ಬೇಕು. ನೆಲ ಸಿಗದಾಗ ಅದು ಕೇಬಲ್ಲನ್ನೇ ನೆಲ ಮಾಡಿಕೊಳ್ಳುತ್ತದೆ. ಆಗ ಕೇಬಲ್ ಉದ್ದ ಮಾಡಿದರೆ ಮುಳ್ಳು ಒಂದು ಕಡೆ, ಕತ್ತರಿಸಿದರೆ ಇನ್ನೊಂದು ಕಡೆ. ಮೀಟರಿಗೆ ಮೋಸ ಮಾಡಬಹುದು, ದೂರಕ್ಕೆ ಮೋಸ ಮಾಡಲಾಗುವುದಿಲ್ಲ.

ಬಣ್ಣ ಕೆರೆದ. ಹೊಸ ಕೇಬಲ್ ಹಾಕಿದ. ಊರಾಚೆಯ ಗುಡ್ಡದಾಚೆಗೆ ಹೋಗಿ ಕರೆದ. “ಈಗ ಹೇಗೆ ಕೇಳಿಸ್ತಾ ಇದೀನಿ?”

“ಈಗ ಮನುಷ್ಯರ ಹಾಗೆ ಕೇಳಿಸ್ತಿದೀರಾ,” ಎಂದಿತು ಆ ಕಡೆಯ ದನಿ.

ಅಂದಿನಿಂದ ಅಪ್ಪ ಯಾವ ಗಾಡಿಯನ್ನೂ ಮೀಟರ್ ನೋಡಿ ಬಿಟ್ಟುಕೊಡಲಿಲ್ಲ. ದೂರಕ್ಕೆ ಹೋಗಿ ಅವಳನ್ನು ಕರೆದು ಕೇಳಿಯೇ ಬಿಡುತ್ತಿದ್ದ.

*

“ಯಾಕಣ್ಣ ಕತ್ತರಿಸಿದೆ?” ಮಗಳ ದನಿ ಅವಳಿಗೇ ಕೀರಲಾಗಿ ಕೇಳಿಸಿತು.

“ಮೀಟರ್ ನೋಡೇ! ಬೆಣ್ಣೆ ಹಾಗೆ ಕೂತಿದೆ. ಅಕ್ಕಂಗೂ ಕೇಳಿಸ್ತಲ್ಲ?”

“ಮೂರು ಮಹಡಿ ಕೆಳಗಿಂದ ಕೂಗಿದ್ರೆ ಸೆಟ್ಟು ಇಲ್ಲದೇನೂ ಕೇಳಿಸುತ್ತೆ. ಕ್ವಾರಿಯೊಳಗಿಂದ ಕೇಳಿಸ್ಬೇಕಲ್ಲ?”

ಹೇಳಿದ ಮೇಲೆ ಅವಳಿಗೆ ಅಂಜಿಕೆಯಾಯಿತು. ತಾನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಅಪ್ಪನ ಪಕ್ಕದಲ್ಲಿ ಕೂತು ಸ್ಕ್ರೂ ಹೆಕ್ಕಿ ಕೊಟ್ಟದ್ದು ಬಿಟ್ಟರೆ ಒಂದು ಸೆಟ್ಟನ್ನೂ ತಾನಾಗಿ ಕೂರಿಸಿದವಳಲ್ಲ. ಈಗ ಬಿಚ್ಚಿಸಿ, ಸಮಯ ಮೀರಿ, ಏನೂ ಇಲ್ಲದೆ ಗಾಡಿ ಹೊರಟುಬಿಟ್ಟರೆ? ಆದರೆ ಕೇಳಿಸದಿದ್ದರೂ ಕೇಳಿಸಿತೆಂದು ತಲೆಯಾಡಿಸುವ ನೂರಾರು ಜನರನ್ನು ಅವಳು ದಿನಾ ನೋಡುತ್ತಿದ್ದಳು. ಅಮ್ಮ ಆ ಜಾತಿಯವಳಲ್ಲ.

ಹದಿನೇಳನೇ ನಂಬರಿನ ಮಾಮ ಕೋಲೂರಿಕೊಂಡು ಹತ್ತಿರ ಬಂದ. ಅದೇ ಹದಿನೇಳು, ಈಗ ಅರವತ್ತಾರು ವರ್ಷ. ನೆಲದ ಮೇಲಿನ ತುಂಡುಗಳನ್ನು ನೋಡಿದವನೇ ಹಣೆ ಚಚ್ಚಿಕೊಂಡ.

“ಅಯ್ಯೋ ನಿನ್ನ! ಗುರು ಮೂವತ್ತೆಂಟು ವರ್ಷದ ಹಿಂದೆ ಮಾಡಿದ ಪೆದ್ದತನಾನ ಶಿಷ್ಯ ಅವರ ಎದುರಿಗೇ ಮಾಡಿ ತೋರಿಸ್ತಿದೀಯಲ್ಲೋ! ಎದ್ದು ಬಂದು ಬಾರಿಸ್ತಾರೆ ನೋಡು.”

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದು ಗೊಣಗಿದ ಗಾಡಿಯ ಚಾಲಕ.

“ಡೊಂಕಾಗಿದ್ರೂ ಹೇಗೋ ಕುಣೀಬಹುದಿತ್ತು ಸ್ವಾಮಿ,” ಎಂದಳು ಮಗಳು. “ನಿಮ್ಮ ಗಾಡೀಲಿ ನೆಲಾನೇ ಇಲ್ಲ. ಅಣ್ಣ, ಆಂಟೆನಾದ ಕೆಳಗೆ ತಗಡು ಬೇಕು. ದೊಡ್ಡದು. ಉದ್ದ ಎರಡು ಮೊಳ, ಅಗಲ ಎರಡು ಮೊಳ. ಇದು ಅಯಸ್ಕಾಂತದ್ದು, ಬಣ್ಣ ಕೆರೆಯೋದು ಬೇಡ.”

“ಇಷ್ಟು ಹೊತ್ತಲ್ಲಿ ಅಂಥ ತಗಡು ಎಲ್ಲಿಂದ ತರ್ಲಿ?”

ಎಲ್ಲರೂ ಸುತ್ತ ನೋಡಿದರು. ಅಂಗಡಿಯ ಬೋರ್ಡು ಪ್ಲಾಸ್ಟಿಕ್ಕು. ಮನೆಯ ಕಪಾಟು ಮರದ್ದು. ಇಪ್ಪತ್ತೆರಡನೇ ನಂಬರಿನವನು ಪಕ್ಕದ ಮನೆಯ ಗೇಟನ್ನು ಆಸೆಯಿಂದ ನೋಡತೊಡಗಿದ. ಮಗಳ ಕಣ್ಣು ಬೀದಿಯುದ್ದಕ್ಕೂ ಓಡಿ, ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದ ಹಳೆಯ ಟ್ಯಾಕ್ಸಿಗಳ ಮೇಲೆ ನಿಂತಿತು. ಅವಳು ಬಾಯಿ ತೆರೆಯುವ ಮೊದಲೇ ಹದಿನೇಳನೇ ಮಾಮನಿಗೆ ಅರ್ಥವಾಗಿತ್ತು.

“ಹತ್ತನೇ ನಂಬರ್ ಸ್ಪ್ಯಾನರ್ ಕೊಡ್ರೋ ಯಾರಾದ್ರೂ! ಬಾನೆಟ್ಟಿಗೆ ನಾಲ್ಕೇ ಬೋಲ್ಟು.”

“ಮಾಮ, ನಿಮ್ಮ ಕಾರಿಂದು ಬೇಡ. ಮೊನ್ನೆ ತಾನೆ ಬಣ್ಣ ಹೊಡೆಸಿದೀರಾ.”

“ಅದಕ್ಕೇ ನಂದು. ನಿಮ್ಮಪ್ಪನ ಗಾಡಿ ಮೇಲೆ ತುಕ್ಕು ಹಿಡಿದದ್ದು ಹಾಕೋಕಾಗುತ್ತಾ?”

ಐದು ನಿಮಿಷದಲ್ಲಿ ಹದಿನೇಳನೇ ಟ್ಯಾಕ್ಸಿ ಹಲ್ಲಿಲ್ಲದ ಬಾಯಿಯಂತೆ ಎಂಜಿನ್ ತೋರಿಸುತ್ತ ನಿಂತಿತು. ಅದರ ಹಳದಿ ಬಾನೆಟ್ಟನ್ನು ಆರು ಮುದುಕರು ಮಂಟಪ ಹೊತ್ತವರಂತೆ ತಲೆಯ ಮೇಲೆತ್ತಿ ತಂದರು. ಗಾಡಿಯ ಚಾಲಕ ಎರಡೂ ಕೈ ಅಡ್ಡ ಹಿಡಿದ.

“ಏನ್ ಮಾಡ್ತಿದೀರಾ? ಇದು ಶವದ ಗಾಡಿ! ಘನತೆ ಗಾಂಭೀರ್ಯ ಅಂತ ಒಂದಿದೆ. ನಮ್ಮ ಯಜಮಾನ್ರು ನೋಡಿದ್ರೆ ನನ್ನನ್ನೂ ಇದರಲ್ಲೇ ಮಲಗಿಸ್ತಾರೆ.”

ಮಗಳು ಅವನೆದುರು ಹೋಗಿ ನಿಂತಳು. ಮೂರನೇ ಮಹಡಿಯ ಕಿಟಕಿಯತ್ತ ಕೈ ತೋರಿಸಿದಳು. “ಅಲ್ಲಿರೋದು ನಮ್ಮಮ್ಮ. ಅಪ್ಪ ಎಲ್ಲಿದ್ದಾರೆ ಅಂತ ಅವರಿಗೆ ಹೇಳ್ಬೇಕು. ಅಷ್ಟೇ ಸ್ವಾಮಿ.”

ಅವನು ಮೇಲೆ ನೋಡಿದ. ಕಿಟಕಿಯಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬಳು ಮೈಕು ಹಿಡಿದುಕೊಂಡೇ ಅವನಿಗೆ ಕೈಬೀಸಿದಳು. ಅವನು ಟೋಪಿ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡ. “ಗೀರು ಬೀಳಬಾರದು. ಕೆಳಗೆ ಕಂಬಳಿ ಹಾಕಿ.”

ಕಂಬಳಿ ಹಾಸಿ, ಬಾನೆಟ್ ಇಟ್ಟು, ಹಗ್ಗ ಬಿಗಿದರು. ಅದರ ನಡುವೆ ಆಂಟೆನಾ ಇಡುತ್ತಲೇ ಅಯಸ್ಕಾಂತ ಠಣ್ ಎಂದು ಕಚ್ಚಿಕೊಂಡಿತು. ಕೇಬಲ್ಲನ್ನು ಹೇಗೆ ಎಳೆದರೂ ಎತ್ತಿದರೂ ಮೀಟರಿನ ಮುಳ್ಳು ಹಸಿರಿನಿಂದ ಅಲುಗಲಿಲ್ಲ. ಆದರೆ ಕತ್ತರಿಸಿ ಉಳಿದ ಕೇಬಲ್ ಕಿಟಕಿಯ ಸಂದಿಯಿಂದ ಒಳಗೆ ಬಂದು, ಮುಂದಿನ ಸೀಟಿಗೆ ಎರಡು ಗೇಣು ಇದೆ ಎನ್ನುವಾಗ ಮುಗಿದುಹೋಯಿತು.

ಮೊಬೈಲ್ ಅಂಗಡಿಯವನು ಅಪರಾಧಿಯಂತೆ ನಿಂತ. “ಜೋಡಿಸ್ಲಾ?”

“ಇದನ್ನ ಹಾಗೆ ಗಂಟು ಹಾಕೋಕಾಗಲ್ಲ ಅಂತ ನಿನಗೇ ಗೊತ್ತು. ಸೆಟ್ಟು ಹಿಂದಕ್ಕೇ ಇರ್ಲಿ. ಬ್ಯಾಟರಿನೂ ಅಲ್ಲೇ ಇಡು.”

ಹಾಗೆ ಸೆಟ್ಟು ಪೆಟ್ಟಿಗೆಯ ಪಕ್ಕ, ಅಪ್ಪನ ಬಲಗೈ ಇರುವ ಕಡೆ ಕೂತಿತು. ಹದಿನೇಳನೇ ಮಾಮ ಬಗ್ಗಿ ನೋಡಿ, ಕಣ್ಣೊರೆಸಿಕೊಂಡು, ಕಿಸಕ್ಕನೆ ನಕ್ಕ. “ಮತ್ತೆ ಡಿಕ್ಕಿಯಲ್ಲೇ ಬಂತಲ್ಲೋ ಮೇಸ್ತ್ರಿ!”

*

ಮೆರವಣಿಗೆ ಹೊರಟಿತು. ಕಪ್ಪು ಗಾಡಿ, ಅದರ ತಲೆಯ ಮೇಲೆ ಹಳದಿ ಬಾನೆಟ್, ಬಾನೆಟ್ಟಿನ ಮೇಲೆ ಗಾಳಿಗೆ ತೂಗುವ ಆಂಟೆನಾ. ಅದರ ಹಿಂದೆ ಎಂಜಿನ್ ತೆರೆದುಕೊಂಡ ಹದಿನೇಳು. ಅದರ ಹಿಂದೆ ಉಳಿದವರು. ದಾರಿಹೋಕರು ದುಃಖದ ಮುಖ ಮಾಡಲು ಹೊರಟು, ಬಾನೆಟ್ ಕಂಡು, ಯಾವ ಮುಖ ಮಾಡಬೇಕೆಂದು ತಿಳಿಯದೆ ನಿಂತರು.

ಹಿಂದಿನ ಅಡ್ಡಸೀಟಿನಲ್ಲಿ ಮಗಳು ಮೈಕು ಹಿಡಿದು ಕೂತಳು. ಪಕ್ಕದಲ್ಲಿ ಇಪ್ಪತ್ತೆರಡನೇ ನಂಬರಿನವನು ಮತ್ತು ಮೊಬೈಲ್ ಅಂಗಡಿಯವನು.

“ಎಲ್ಲಿದೀರಾ?” ಅಮ್ಮನ ದನಿ.

“ಹಳೇ ಕಂಟ್ರೋಲ್ ರೂಮಿನ ಮುಂದೆ ಅಮ್ಮ.”

“ಓಹೋ. ಅಲ್ಲೇ ಅಲ್ವಾ ನಿಮ್ಮಪ್ಪ ಗಾಡೀಲಿ ಕೂತು ಅಭ್ಯಾಸ ಮಾಡಿದ್ದು.”

“ಏನಭ್ಯಾಸ?”

ಇಪ್ಪತ್ತೆರಡನೆಯವನು ಉತ್ಸಾಹದಿಂದ ಮುಂದೆ ಬಾಗಿದ. “ನಿನಗೆ ಹೇಳಿಲ್ವಾ ಪುಟ್ಟಿ? ನನ್ನ ಗಾಡೀಲೇ! ‘ನನ್ನನ್ನ ಮದುವೆ ಆಗ್ತೀರಾ’ ಅಂತ ಹೇಗೆ ಕೇಳೋದು ಅಂತ ಹತ್ತು ತರಹ ಹೇಳಿ ನೋಡ್ಕೊಳ್ತಿದ್ರು. ಮೈಕು ತೊಡೆ ಕೆಳಗೆ ಸಿಕ್ಕಿ ಒತ್ಕೊಂಡೇ ಇತ್ತು. ನಲವತ್ತು ಗಾಡೀಗೂ ನೇರಪ್ರಸಾರ!”

“ಆಮೇಲೆ?”

“ಒತ್ಕೊಂಡಿದ್ರೆ ನಾವು ಮಾತಾಡೋ ಹಾಗಿಲ್ವಲ್ಲ. ಎಲ್ರೂ ಬಾಯಿ ಮುಚ್ಕೊಂಡು ಕೇಳಿದ್ವಿ. ಅವರು ಎದ್ದ ಕೂಡಲೇ ಅಕ್ಕ, ‘ನಾಲ್ಕನೇದು ಚೆನ್ನಾಗಿತ್ತು, ಅದನ್ನೇ ಬಂದು ಹೇಳಿ’ ಅಂದ್ರು.”

ಗಾಡಿಯ ಚಾಲಕನ ಭುಜಗಳು ಅಲುಗಿದವು. ಕೆಮ್ಮಿ ಸರಿಪಡಿಸಿಕೊಂಡ.

ಗೇಟಿನ ಬಳಿ ಟ್ಯಾಕ್ಸಿಗಳು ನಿಂತವು. ಡ್ರೈವರ್‌ಗಳು ಕಾಲ್ನಡಿಗೆಯಲ್ಲಿ ಇಳಿಯತೊಡಗಿದರು. ಗಾಡಿ ಇಳಿಜಾರಿಗೆ ತಿರುಗಿತು. ಎರಡೂ ಕಡೆ ಬಂಡೆ ಎದ್ದಿತು. ಮಗಳು ಫೋನು ನೋಡಿದಳು, ಸತ್ತಿತ್ತು.

“ಗೇಟು ದಾಟಿದ್ವಿ ಅಮ್ಮ. ಕೆಳಗೆ ಇಳೀತಿದೀವಿ.”

“ಎಷ್ಟು… ಬಲಗ… ಮರ…” ಅಮ್ಮನ ದನಿ ಚೂರುಚೂರಾಯಿತು. ಆಮೇಲೆ ಬರೀ ಭುಸ್ ಎಂಬ ಸದ್ದು.

ತೋಡಿಟ್ಟ ಗುಂಡಿಯ ಪಕ್ಕ ಗಾಡಿ ನಿಂತಿತು. ಮಗಳು ಕರೆದಳು. ಮತ್ತೆ ಕರೆದಳು. ಭುಸ್. ಮೊಬೈಲ್ ಅಂಗಡಿಯವನು ಕನೆಕ್ಟರ್ ಬಿಗಿ ಮಾಡಿದ, ಬ್ಯಾಟರಿ ಮುಟ್ಟಿ ನೋಡಿದ, ಕೊನೆಗೆ ಮುಖ ಮುಚ್ಚಿಕೊಂಡ. “ನಾನು ಕತ್ತರಿಸಬಾರದಿತ್ತು.”

“ಅದರಿಂದಲ್ಲಣ್ಣ,” ಎಂದಳು, ಆದರೆ ಯಾವುದರಿಂದ ಎಂದು ಅವಳಿಗೂ ಗೊತ್ತಿರಲಿಲ್ಲ. ಹೊರಗೆ ಡ್ರೈವರ್‌ಗಳು ಬಂದು ಸೇರಿ ಅವಳನ್ನೇ ನೋಡುತ್ತಿದ್ದರು. ಅಪ್ಪ ಏನು ಮಾಡುತ್ತಿದ್ದ? ಗುಡ್ಡದ ತಪ್ಪಲಲ್ಲಿ, ಕಟ್ಟಡಗಳ ಸಂದಿಯಲ್ಲಿ, ದನಿ ಸತ್ತಾಗ? ಅವನು ಸೆಟ್ಟು ಮುಟ್ಟುತ್ತಿರಲಿಲ್ಲ. ಸ್ಟಿಯರಿಂಗ್ ಹಿಡಿಯುತ್ತಿದ್ದ. ದನಿ ಬಂಡೆಗೆ ಬಡಿದು ಬರುತ್ತದೆ, ಒಂದು ಕಡೆ ಸಾಯುತ್ತದೆ, ಒಂದು ಮೊಳ ಆಚೆ ಬದುಕಿರುತ್ತದೆ.

“ಸ್ವಾಮಿ, ಗಾಡಿ ಒಂದು ಅಡಿ ಮುಂದೆ ತಗೊಳ್ತೀರಾ?”

ಚಾಲಕ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಎಂಜಿನ್ ಹಚ್ಚಿದ. ಒಂದು ಅಡಿ. ಭುಸ್. “ಇನ್ನೊಂಚೂರು.” ಭುಸ್, ಅದರೊಳಗೆ ಅಮ್ಮನ ದನಿಯ ಒಂದು ‘ಕ’. “ಸ್ವಲ್ಪ ಹಿಂದೆ. ಹಾಂ, ಒಂದು ಗೇಣು. ನಿಲ್ಸಿ ನಿಲ್ಸಿ!”

“…ತ್ತೈದು ಸಲ ಕರೆದೆ, ಎಲ್ಲಿ ಹಾಳಾಗಿ ಹೋದ್ರಿ ಎಲ್ಲಾ?”

ಕ್ವಾರಿಯ ಗೋಡೆಗಳ ನಡುವೆ ಮೂವತ್ತೆಂಟು ವರ್ಷದ ಗುರುತಿನ ಆ ಬೈಗುಳ ಪಕ್ಕದಲ್ಲಿ ನಿಂತು ಬೈದಷ್ಟು ಸ್ಪಷ್ಟವಾಗಿ ಕೇಳಿಸಿತು. ಡ್ರೈವರ್‌ಗಳೆಲ್ಲ ಹೋ ಎಂದು ಕೂಗಿದರು. ಚಾಲಕ ಹ್ಯಾಂಡ್‌ಬ್ರೇಕ್ ಎಳೆದು, ಸಾಲದೆಂದು ಇಳಿದು ಚಕ್ರಕ್ಕೆ ಕಲ್ಲನ್ನೂ ಕೊಟ್ಟ.

ಪೆಟ್ಟಿಗೆ ಇಳಿಸಿದರು. ಹಗ್ಗ ಎಷ್ಟು ಬಿಟ್ಟರು, ಯಾರು ಯಾವ ಮೂಲೆ ಹಿಡಿದರು, ಎಲ್ಲವನ್ನೂ ಮಗಳು ಒಂದೊಂದಾಗಿ ಹೇಳಿದಳು. ಮೊದಲ ಹಿಡಿ ಮಣ್ಣು ಬಿದ್ದ ಸದ್ದು ಕೇಳಲೆಂದು ಮೈಕನ್ನು ಹೊರಗೆ ಚಾಚಿ ಹಿಡಿದಳು.

“ಸರಿ,” ಎಂದಳು ಅಮ್ಮ. ಮೂಗೊರೆಸಿಕೊಂಡ ಸದ್ದು. ಆಮೇಲೆ ಆ ಹಳೆಯ ಗತ್ತು. “ಕಂಟ್ರೋಲ್ ಕೇಳ್ತಾ ಇದೆ. ನಾನು ಬಂದು ನೋಡೋಕೆ ಇನ್ನೂ ಎರಡು ತಿಂಗಳಿದೆ. ಅಲ್ಲೀವರೆಗೆ ಜಾಗ ಹೇಗಿದೆ ಅಂತ ಗೊತ್ತಿರ್ಬೇಕಲ್ಲ. ನಂಬರ್ ಪ್ರಕಾರ ಬಂದು ಹೇಳಿ. ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಬಾರದು. ಮೂರನೇ ನಂಬರ್, ನೀನೇ ಮೊದಲು!”

ಗಾಡಿಯ ಹಿಂಬಾಗಿಲಿಗೆ ಸಾಲು ಕಟ್ಟಿತು. “ಏಯ್, ನೀನು ಇಪ್ಪತ್ತೆರಡು, ಹಿಂದೆ ಹೋಗು.” “ಒಂಬತ್ತು ಎಲ್ಲಿ ಸತ್ತ?” “ಥೂ, ಇವತ್ತು ಆ ಮಾತು ಆಡ್ಬೇಡ್ವೋ.” ಮೂರು, ಬಲಗಡೆ ದೊಡ್ಡ ಮರವಿದೆ ಎಂದ. ಒಂಬತ್ತು, ಮಧ್ಯಾಹ್ನ ನೆರಳು ಬೀಳುತ್ತದೆ, ತಲೆಯ ಕಡೆಗೇ, ಎಂದ. ಹದಿನೇಳು, ಅಕ್ಕಪಕ್ಕದ ಕಲ್ಲುಗಳ ಮೇಲಿನ ಕೆತ್ತನೆ ಓದಿ, “ಒಂದು ಕಡೆ ಸಂಗೀತದ ಮೇಷ್ಟ್ರು, ಇನ್ನೊಂದು ಕಡೆ ಹಲ್ಲಿನ ಡಾಕ್ಟರು, ಬೇಜಾರಾಗಲ್ಲ ಬಿಡಿ,” ಎಂದ. ಅಮ್ಮ ಗಟ್ಟಿಯಾಗಿ ನಕ್ಕಳು. ಮಣ್ಣು ಎಳೆಯುತ್ತಿದ್ದವರೂ ನಕ್ಕರು. ಸಾಲು ಕರಗುತ್ತ ಬಂದು ನಲವತ್ತನೆಯವನು, ಮಣ್ಣು ಕೆಂಪಗಿದೆ, ಕಲ್ಲಿಲ್ಲ, ಎಂದು ವರದಿ ಒಪ್ಪಿಸಿದ.

ಮಗಳು ಮೈಕು ಕೆಳಗಿಡಲು ಹೋದಳು. ಸಾಲಿನಲ್ಲಿ ಇನ್ನೂ ಒಬ್ಬರಿದ್ದರು. ಕಪ್ಪು ಕೋಟಿನ ಚಾಲಕ ಕೊನೆಯಲ್ಲಿ ನಿಂತಿದ್ದ. ಮೈಕನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

“ಅಮ್ಮಾ… ನನಗೆ ನಂಬರ್ ಇಲ್ಲ. ಗಾಡಿ ನಂದು.”

“ಇವತ್ತಿಂದ ನೀನು ನಲವತ್ತೊಂದು. ಹೇಳಪ್ಪ, ಏನು ಕಾಣಿಸ್ತಿದೆ?”

ಅವನು ಸುತ್ತ ನೋಡಿದ. ಮರ, ನೆರಳು, ಮಣ್ಣು, ನೆರೆಯವರು, ಎಲ್ಲ ಮುಗಿದಿತ್ತು. ಟೋಪಿ ತೆಗೆದ. ತಲೆಯೆತ್ತಿ ಬಂಡೆಯ ಮೇಲ್ತುದಿಯವರೆಗೂ ಕಣ್ಣು ಹಾಯಿಸಿದ.

“ಮೇಲೆ, ಬಂಡೆ ಅಂಚಲ್ಲಿ ಒಂದು ಆಡು ನಿಂತಿದೆ ಅಮ್ಮ. ಮರಿ ಎರಡಿವೆ. ನಮ್ಮನ್ನೇ ನೋಡ್ತಾ ಏನೋ ಮೆಲ್ತಾ ಇದೆ.”

“ಏನು ಮೆಲ್ತಾ ಇದೆ? ಸರಿಯಾಗಿ ನೋಡಿ ಹೇಳು, ನಲವತ್ತೊಂದು.”

ಅವನು ಮೈಕಿನ ಸುರುಳಿ ತಂತಿಯನ್ನು ಅದು ಬರುವಷ್ಟು ದೂರ ಎಳೆದುಕೊಂಡು ಹೊರಗೆ ಬಂದ. ಟೋಪಿಯನ್ನು ಕಣ್ಣಿಗೆ ಮರೆ ಹಿಡಿದು, ತುದಿಗಾಲ ಮೇಲೆ ನಿಂತು, ಕತ್ತು ಚಾಚಿದ. ಅವನ ಹಿಂದೆ ಡ್ರೈವರ್‌ಗಳೂ, ಗುದ್ದಲಿ ಹಿಡಿದವರೂ, ಮಗಳೂ ಒಟ್ಟಿಗೆ ಮೇಲೆ ನೋಡಿದರು.